ತೂಕದ ಯಂತ್ರ ಎಲ್ಲಿರಬೇಕು?

2025ರ ಏಪ್ರಿಲ್‌ನಲ್ಲಿ ರಾಜ್ಯದ ಲಾರಿ ಮಾಲೀಕರು ಮುಷ್ಕರ ಹೂಡಿದಾಗ ಡೀಸೆಲ್ ದರ, ಟೋಲ್ ದರಗಳ ಜೊತೆಗೆ ಇನ್ನೊಂದು ಬೇಡಿಕೆಯನ್ನೂ ಸರ್ಕಾರದ ಮುಂದಿಟ್ಟಿದ್ದರು. ಗಡಿಗಳಲ್ಲಿರುವ ಆರ್‌ಟಿಒ ಚೆಕ್‌ಪೋಸ್ಟ್‌ಗಳನ್ನು ತೆಗೆದುಹಾಕಿ ಎಂಬುದು ಆ ಬೇಡಿಕೆ. ಡೀಸೆಲ್ ಬೆಲೆಯ ಗದ್ದಲದಲ್ಲಿ ಅದು ಹಿಂದೆ ಸರಿಯಿತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಚರ್ಚೆಯಾಗಬೇಕಿದ್ದದ್ದು ಅದೇ.

ಕಾರಿನಲ್ಲಿ ಭರ್ರನೆ ದಾಟಿಹೋಗುವವರಿಗೆ ಈ ಚೆಕ್‌ಪೋಸ್ಟ್‌ಗಳಲ್ಲಿ ಏನು ನಡೆಯುತ್ತದೆ ಎಂಬುದು ಗೊತ್ತಾಗುವುದಿಲ್ಲ. ಲಾರಿಯನ್ನು ರಸ್ತೆ ಬದಿಗೆ ಹಾಕಿ ಡ್ರೈವರ್ ಕೆಳಗಿಳಿಯುತ್ತಾನೆ. ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. ಅದರೊಳಗೆ ಆರ್‌ಸಿ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಪರ್ಮಿಟ್, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಟ್ಯಾಕ್ಸ್ ಕಟ್ಟಿದ ರಸೀದಿ, ಮಾಲಿನ ಬಿಲ್ಲು, ಇ-ವೇ ಬಿಲ್. ಕೌಂಟರಿನಲ್ಲಿ ಫೈಲು ತೆರೆದು ನೋಡುವುದೂ ಉಂಟು, ತೆರೆಯದೆ ವಾಪಸು ಕೊಡುವುದೂ ಉಂಟು. ಎಲ್ಲ ಕಾಗದ ನೆಟ್ಟಗಿದ್ದರೂ ಮಾಮೂಲು ಕೊಡದೆ ಗಾಡಿ ಮುಂದಕ್ಕೆ ಹೋಗುವುದಿಲ್ಲ ಎಂಬುದು ಲಾರಿಯವರ ಬಹಳ ಹಳೆಯ ದೂರು. 2022ರಲ್ಲಿ ಲೋಕಾಯುಕ್ತ ಪೊಲೀಸರು ರಾಜ್ಯದ ಹಲವು ಸಾರಿಗೆ ಚೆಕ್‌ಪೋಸ್ಟ್‌ಗಳ ಮೇಲೆ ಒಂದೇ ಸಲ ದಾಳಿ ಮಾಡಿದಾಗ ಲೆಕ್ಕಕ್ಕೆ ಸಿಗದ ನಗದು ಸಿಕ್ಕಿತು. ಆ ದೂರಿನಲ್ಲಿ ಹುರುಳಿದೆ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ಫೈಲಿನಲ್ಲಿರುವ ಈ ಕಾಗದಗಳಲ್ಲಿ ಹೆಚ್ಚಿನವು ಈಗ ಕೇಂದ್ರದ 'ವಾಹನ್' ದತ್ತಾಂಶದಲ್ಲಿವೆ. ಲಾರಿಯ ನಂಬರು ಹಾಕಿದರೆ ಪರ್ಮಿಟ್ ಯಾವತ್ತಿನವರೆಗಿದೆ, ಎಫ್‌ಸಿ ಮುಗಿದಿದೆಯೋ ಇಲ್ಲವೋ, ವಿಮೆ ನಡೆಯುತ್ತಿದೆಯೋ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ಹೊರರಾಜ್ಯದ ಗಾಡಿ ಕಟ್ಟಬೇಕಾದ ತೆರಿಗೆಯನ್ನು ಮೊಬೈಲಿನಲ್ಲೇ ಕಟ್ಟಬಹುದು. ಡ್ರೈವರ್ ಕಾಗದದ ಬದಲು ಡಿಜಿಟಲ್ ದಾಖಲೆ ತೋರಿಸಿದರೂ ಸಾಕೆಂದು ನಿಯಮ ತಿದ್ದಿದ್ದು 2018ರಲ್ಲಿ. ಅದಕ್ಕೂ ಮೊದಲು, 2010ರ ಮೇ ತಿಂಗಳಲ್ಲಿ, ನ್ಯಾಷನಲ್ ಪರ್ಮಿಟ್ ಪದ್ಧತಿಯೇ ಬದಲಾಗಿತ್ತು. ಯಾವ ಯಾವ ರಾಜ್ಯಕ್ಕೆ ಹೋಗಬೇಕೋ ಅಷ್ಟೂ ರಾಜ್ಯಗಳಿಗೆ ಪ್ರತ್ಯೇಕ ಶುಲ್ಕ ಕಟ್ಟುವ ಕಾಲ ಹೋಗಿ, ತವರು ರಾಜ್ಯದಲ್ಲಿ ವರ್ಷಕ್ಕೊಂದು ಮೊತ್ತ ಕಟ್ಟಿದರೆ ದೇಶವೆಲ್ಲ ಓಡಾಡಬಹುದಾಯಿತು. ಮೊದಲು 15,000 ರೂಪಾಯಿ ಇದ್ದ ಆ ಮೊತ್ತ ನಂತರ 16,500 ಆಯಿತು. ಲಾರಿ ಉದ್ಯಮಕ್ಕೆ ಸರ್ಕಾರ ಮಾಡಿದ ದೊಡ್ಡ ಉಪಕಾರಗಳಲ್ಲಿ ಅದೊಂದು. ಅದನ್ನು ನೆನೆಯುವವರೇ ಇಲ್ಲ.

ಮಾಲಿನ ಕಾಗದಗಳ ಕತೆಯೂ ಹಾಗೆಯೇ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಮೇಲೆ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟ್‌ಗಳು ಎದ್ದುಹೋದವು. 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಸರಕು ಸಾಗಬೇಕಾದರೆ ಆನ್‌ಲೈನಿನಲ್ಲಿ ಪಡೆಯುವ ಇ-ವೇ ಬಿಲ್ ಕಡ್ಡಾಯವಾಯಿತು. ಕರ್ನಾಟಕಕ್ಕೆ ಇದು ತೀರ ಹೊಸದಾಗಿರಲಿಲ್ಲ. ವ್ಯಾಟ್ ಕಾಲದಲ್ಲೇ ನಮ್ಮ ವಾಣಿಜ್ಯ ತೆರಿಗೆ ಇಲಾಖೆ 'ಇ-ಸುಗಮ್' ಎಂಬ ಇಂಥದೇ ಆನ್‌ಲೈನ್ ಪದ್ಧತಿ ನಡೆಸಿತ್ತು. 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಶುರುವಾದಾಗ, ರಾಜ್ಯದೊಳಗಿನ ಸಾಗಣೆಗೂ ಅದೇ ದಿನ ಅದನ್ನು ತಂದ ಒಂದೇ ರಾಜ್ಯ ಕರ್ನಾಟಕ. ಇಷ್ಟು ಮುಂದಿದ್ದ ರಾಜ್ಯದಲ್ಲಿ ಕಾಗದ ನೋಡುವ ನೆಪದಲ್ಲಿ ಲಾರಿ ನಿಲ್ಲಿಸುವುದು ಇನ್ನೂ ಯಾಕೆ ನಡೆಯಬೇಕು? ಗುಜರಾತ್ 2019ರ ನವೆಂಬರಿನಲ್ಲಿ ತನ್ನ 16 ಸಾರಿಗೆ ಚೆಕ್‌ಪೋಸ್ಟ್‌ಗಳನ್ನು ಮುಚ್ಚಿತು. ಮಧ್ಯಪ್ರದೇಶ 2024ರ ಜುಲೈಯಲ್ಲಿ ಅದೇ ದಾರಿ ಹಿಡಿಯಿತು. ನಾವೂ ಮುಚ್ಚಬೇಕು. ಈ ವಿಷಯದಲ್ಲಿ ನನಗೆ ಎರಡನೆಯ ಮಾತಿಲ್ಲ.

ಆದರೆ ಚೆಕ್‌ಪೋಸ್ಟ್ ಇರಲೇಬೇಕು ಎನ್ನುವವರ ಬಳಿ ಒಂದು ಗಟ್ಟಿ ವಾದವಿದೆ. ಪರ್ಮಿಟ್ ಕಂಪ್ಯೂಟರಿನಲ್ಲಿ ಸಿಗುತ್ತದೆ, ವಿಮೆ ಸಿಗುತ್ತದೆ, ಲಾರಿಯೊಳಗಿನ ತೂಕ ಎಲ್ಲಿ ಸಿಗುತ್ತದೆ? ಕಾಗದದಲ್ಲಿ 17 ಟನ್ ಎಂದು ಬರೆದು 27 ಟನ್ ತುಂಬಿದ್ದರೆ ಯಾವ ದತ್ತಾಂಶವೂ ಅದನ್ನು ಹೇಳುವುದಿಲ್ಲ. ಲಾರಿಯನ್ನು ತೂಗಲೇಬೇಕು. ಚೆಕ್‌ಪೋಸ್ಟ್ ಬದಲಿಗೆ ಬರಬೇಕಾದ ಸ್ವಯಂಚಾಲಿತ ವ್ಯವಸ್ಥೆಯ ಕಷ್ಟದ ಭಾಗ ಇದೇ. ಪರ್ಮಿಟ್ಟನ್ನು ಆನ್‌ಲೈನ್ ಮಾಡಿದ್ದು ಸುಲಭದ ಭಾಗವಾಗಿತ್ತು.

ಓವರ್‌ಲೋಡ್ ಎಂದರೆ ಎಷ್ಟು ಹಾನಿ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೂರು ಆಕ್ಸಲ್‌ಗಳ, ಅಂದರೆ ನಮ್ಮ ಕಡೆ ಹತ್ತು ಚಕ್ರದ್ದು ಎನ್ನುವ ಲಾರಿಗೆ, ಗಾಡಿಯ ತೂಕವೂ ಸೇರಿ 28.5 ಟನ್ ಪಾಸಿಂಗ್ ಇದೆ. 2018ರ ಜುಲೈವರೆಗೆ ಇದು 25 ಟನ್ ಇತ್ತು. ಲಾರಿಗಳ ಗುಣಮಟ್ಟ ಸುಧಾರಿಸಿದೆ ಎಂದು ಕೇಂದ್ರ ಮಿತಿಯನ್ನು ಏರಿಸಿತು. ಇದರ ಮೇಲೆ ಇನ್ನೂ 10 ಟನ್ ಹೇರಿದರೆ ತೂಕ ಮೂರನೇ ಒಂದು ಭಾಗದಷ್ಟು ಹೆಚ್ಚಾಯಿತು, ರಸ್ತೆಗೂ ಅಷ್ಟೇ ಹೆಚ್ಚು ಪೆಟ್ಟು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಲೆಕ್ಕ ಹಾಗಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಪರೀಕ್ಷೆಗೆಂದೇ ರಸ್ತೆ ಕಟ್ಟಿ, ಅದರ ಮೇಲೆ ಲಾರಿಗಳನ್ನು ಓಡಿಸಿ ಓಡಿಸಿ ಎಂಜಿನಿಯರುಗಳು ಒಂದು ಸೂತ್ರ ಕಂಡುಕೊಂಡರು. ಆಕ್ಸಲ್ ಮೇಲಿನ ಭಾರ ಹೆಚ್ಚಿದಂತೆ ರಸ್ತೆಯ ಸವೆತ ಹೆಚ್ಚುಕಡಿಮೆ ಅದರ ನಾಲ್ಕನೆಯ ಘಾತದಲ್ಲಿ ಹೆಚ್ಚುತ್ತದೆ. ಜಗತ್ತಿನ ಹಲವೆಡೆ ರಸ್ತೆ ವಿನ್ಯಾಸದಲ್ಲಿ ಇಂದಿಗೂ ಇದನ್ನು ಬಳಸುತ್ತಾರೆ. ಅದರಂತೆ 28.5ರ ಜಾಗದಲ್ಲಿ 38.5 ಟನ್ ಹೊತ್ತ ಲಾರಿ ಒಂದು ಸಲ ಹಾದುಹೋದರೆ ಸರಿಯಾದ ತೂಕದ ಲಾರಿ ಮೂರು ಸಲಕ್ಕಿಂತ ಹೆಚ್ಚು ಹೋದಷ್ಟು ಸವೆತವಾಗುತ್ತದೆ. ಇದು ಗಟ್ಟಿಯಾದ ಹೆದ್ದಾರಿಯ ಮಾತು. ಹಗುರ ವಾಹನಗಳಿಗೆಂದು ತೆಳುವಾಗಿ ಡಾಂಬರು ಹಾಕಿದ ಹಳ್ಳಿಯ ರಸ್ತೆಗೆ ಕಲ್ಲುಕ್ವಾರಿಯ ಟಿಪ್ಪರ್‌ಗಳು ಇಳಿದರೆ ಒಂದು ಮಳೆಗಾಲದೊಳಗೆ ಅದರ ಆಯಸ್ಸು ಮುಗಿಯುತ್ತದೆ. ಬ್ರೇಕ್ ಹಿಡಿಯದೆ ಆಗುವ ಅಪಘಾತಗಳ ಲೆಕ್ಕ ಬೇರೆಯೇ.

ಹಾಗಾದರೆ ಲಾರಿಯವರು ಯಾಕೆ ತುಂಬುತ್ತಾರೆ? ದುರಾಸೆ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಬಾಡಿಗೆ ನಿಗದಿಯಾಗುವುದು ಟನ್ ಲೆಕ್ಕದಲ್ಲಿ. ಡ್ರೈವರ್ ಬತ್ತೆ, ಬ್ಯಾಂಕಿನ ಕಂತು ಇವೆಲ್ಲ 17 ಟನ್ ಹೊತ್ತರೂ ಅಷ್ಟೇ, 27 ಟನ್ ಹೊತ್ತರೂ ಅಷ್ಟೇ. ಒಂದೋ ಎರಡೋ ಲಾರಿ ಇಟ್ಟುಕೊಂಡು ಬದುಕುವವನು ಕಾನೂನಿನಂತೆ ತುಂಬುತ್ತೇನೆ ಎಂದರೆ ಲೋಡ್ ಕೊಡುವವನು ಹಿಂದಿನ ಲಾರಿಯನ್ನು ಮುಂದಕ್ಕೆ ಕರೆಯುತ್ತಾನೆ. ಟನ್ನಿಗೆ ಇಷ್ಟೇ ಬಾಡಿಗೆ ಎಂದು ಗಿಟ್ಟದ ದರ ಹೇಳುವವನೂ ಅವನೇ. ಒಬ್ಬನೇ ನಿಯಮ ಪಾಲಿಸಿ ಉಳಿಯುವಂತಿಲ್ಲ. ಎಲ್ಲರೂ ಪಾಲಿಸಿದರೆ ಮಾತ್ರ ಒಬ್ಬೊಬ್ಬನೂ ಪಾಲಿಸಬಲ್ಲ. ಯಂತ್ರದಿಂದ ತೂಗಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಮುಖ್ಯ ಕಾರಣ ಇದು. ಗುರುತು ಪರಿಚಯ, ಮಾಮೂಲು ಯಾವುದೂ ಇಲ್ಲದೆ ಎಲ್ಲರಿಗೂ ಒಂದೇ ತೂಕ ಸಿಕ್ಕರೆ ಪ್ರಾಮಾಣಿಕನ ಬಾಡಿಗೆ ಉಳಿಯುತ್ತದೆ.

ಕಾನೂನು ಸಡಿಲವಾಗಿಯೇನೂ ಇಲ್ಲ. 2019ರ ಸೆಪ್ಟೆಂಬರ್ 1ರಿಂದ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚಿನ ಪ್ರತಿ ಟನ್‌ಗೆ 2,000. ಮೊದಲು ಇದು 2,000 ಮತ್ತು 1,000 ಇತ್ತು. ದಂಡ ಕಟ್ಟಿದ ಮಾತ್ರಕ್ಕೆ ಬಿಡುಗಡೆಯೂ ಇಲ್ಲ. ಹೆಚ್ಚುವರಿ ಮಾಲನ್ನು ಅಲ್ಲೇ ಇಳಿಸದೆ ಗಾಡಿ ಹೊರಡಕೂಡದು. ಕೆಲವು ರಾಜ್ಯಗಳು ದಂಡ ಕಟ್ಟಿಸಿಕೊಂಡು ಅದೇ ಭಾರದೊಂದಿಗೆ ಲಾರಿಯನ್ನು ಮುಂದಕ್ಕೆ ಬಿಡುತ್ತಿದ್ದವು. 2005ರ ನವೆಂಬರಿನಲ್ಲಿ ಪರಮ್‌ಜಿತ್ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದು ಕಾನೂನಿಗೆ ವಿರುದ್ಧ ಎಂದು ಖಡಾಖಂಡಿತವಾಗಿ ಹೇಳಿತು.

ಈ ತೀರ್ಪನ್ನು ರಸ್ತೆಯ ಮೇಲೆ ಜಾರಿಗೆ ತರುವುದನ್ನು ಊಹಿಸಿ ನೋಡಿ. ರಾತ್ರಿ ಎರಡು ಗಂಟೆ, ಹೆದ್ದಾರಿಯ ಅಂಚು, ಹತ್ತು ಟನ್ ಹೆಚ್ಚು ಜಲ್ಲಿ ತುಂಬಿದ ಲಾರಿ. ಇಳಿಸುವುದು ಎಲ್ಲಿಗೆ? ಹಮಾಲಿಗಳು ಯಾರು? ಇಳಿಸಿದ್ದನ್ನು ಕಾಯುವವರು ಯಾರು? ಜಲ್ಲಿಯಾದರೆ ಹೋಗಲಿ ಅನ್ನಬಹುದು, ಸಿಮೆಂಟಾದರೆ, ಸಕ್ಕರೆಯಾದರೆ? ರಸ್ತೆಯಲ್ಲಿ ತೂಗಿ ಹಿಡಿಯುವ ಅಧಿಕಾರಿ ಪ್ರಾಮಾಣಿಕನೇ ಆಗಿದ್ದರೂ ಅವನ ಕೈಯಲ್ಲಿ ಉಳಿಯುವುದು ದಂಡ ಹಾಕಿ ಕಳಿಸುವ ದಾರಿಯೊಂದೇ. ಲಾರಿ ಒಮ್ಮೆ ರಸ್ತೆಗೆ ಬಂದ ಮೇಲೆ ತಪ್ಪನ್ನು ಸರಿಪಡಿಸುವ ಅವಕಾಶ ಮುಗಿದಿರುತ್ತದೆ.

ಇದನ್ನು ದೇಶದಲ್ಲಿ ಎಲ್ಲರಿಗಿಂತ ದುಬಾರಿಯಾಗಿ ಕಲಿತವರು ನಾವು. ಬಳ್ಳಾರಿಯಲ್ಲಿ ಕಬ್ಬಿಣದ ಅದಿರಿನ ಅಕ್ರಮ ಗಣಿಗಾರಿಕೆ ನಡೆದ ವರ್ಷಗಳಲ್ಲಿ ಸಂಡೂರು, ಹೊಸಪೇಟೆ ಕಡೆಯಿಂದ ಹೊರಟ ಲಾರಿಗಳ ಸಾಲು ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲಾ ಬಳಿಯ ಬೇಲೆಕೇರಿ ಬಂದರಿನವರೆಗೆ ಹಬ್ಬಿರುತ್ತಿತ್ತು. ದಾರಿಯುದ್ದಕ್ಕೂ ಗಣಿ ಇಲಾಖೆ, ಅರಣ್ಯ ಇಲಾಖೆ, ಸಾರಿಗೆ ಇಲಾಖೆ, ಪೊಲೀಸ್ ಎಲ್ಲರ ತಪಾಸಣೆಯೂ ಇತ್ತು. ಪರ್ಮಿಟ್ಟುಗಳೂ ಇದ್ದವು. ನಿವೃತ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಲೋಕಾಯುಕ್ತರಾಗಿ 2011ರ ಜುಲೈಯಲ್ಲಿ ಕೊಟ್ಟ ವರದಿಗಾಗಿ ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಪರ್ಮಿಟ್ ದಾಖಲೆಗಳನ್ನು ಬಂದರಿನ ರಫ್ತಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿತು. 2006ರಿಂದ 2010ರ ನಡುವೆ ಪರ್ಮಿಟ್ಟಿನ ಲೆಕ್ಕಕ್ಕೆ ಬಾರದೆ ಹೊರಗೆ ಹೋದ ಅದಿರು ಸುಮಾರು 2.98 ಕೋಟಿ ಟನ್, ಅದರ ಬೆಲೆ 12,228 ಕೋಟಿ ರೂಪಾಯಿ ಎಂದು ವರದಿ ಅಂದಾಜಿಸಿತು. 2010ರಲ್ಲಿ ಬೇಲೆಕೇರಿಯಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿಟ್ಟಿದ್ದ ಸುಮಾರು 8 ಲಕ್ಷ ಟನ್ ಅದಿರಿನಲ್ಲಿ ಬಹುಪಾಲು ಜಪ್ತಿಯಾದ ಜಾಗದಿಂದಲೇ ಹಡಗು ಹತ್ತಿ ಹೋಯಿತು. ಕಾಗದ ನೋಡುವವರ ಸಂಖ್ಯೆ ಹೆಚ್ಚಿದಷ್ಟೂ ಕಳ್ಳತನ ಕಡಿಮೆಯಾಗುತ್ತದೆ ಎಂಬ ನಂಬಿಕೆ ಉತ್ತರ ಕನ್ನಡದ ಆ ರಸ್ತೆಯ ಮೇಲೆ ಪುಡಿಯಾಯಿತು.

ಮುಂದೆ ನಡೆದದ್ದನ್ನು ಗಮನಿಸಬೇಕು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅದು ಮತ್ತೆ ಶುರುವಾದಾಗ ಪದ್ಧತಿಯೇ ಬೇರೆಯಾಗಿತ್ತು. ಅದಿರು ಇ-ಹರಾಜಿನಲ್ಲಿ ಮಾರಾಟ. ಗಣಿಯ ಬಾಯಲ್ಲೇ ತೂಕ. ತೂಕಕ್ಕೆ ತಕ್ಕಂತೆ ಕಂಪ್ಯೂಟರಿನಿಂದ ಹೊರಬರುವ ಸಾಗಣೆ ಪರ್ಮಿಟ್, ಅದರ ಮೇಲೆ ಲಾರಿಯ ನಂಬರು, ಸಮಯದ ಮಿತಿ. ಲಾರಿಗೆ ಜಿಪಿಎಸ್. ಬಿಗಿ ಮಾಡಿದ್ದು ಒಂದು ಜಾಗ, ಹೊರಡುವ ಗೇಟು. ದಾರಿಯಲ್ಲಿನ ಹತ್ತು ತಪಾಸಣೆ ಮಾಡಲಾಗದ್ದನ್ನು ಆ ಒಂದು ಗೇಟು ಬಹುಮಟ್ಟಿಗೆ ಮಾಡಿತು.

ಗೇಟಿನಲ್ಲಿ ವಂಚನೆಯೇ ಆಗುವುದಿಲ್ಲ ಎಂದಲ್ಲ. ವೇಬ್ರಿಡ್ಜಿನ ಮೇಲೆ ಮೊದಲು ಖಾಲಿ ಲಾರಿ, ಆಮೇಲೆ ತುಂಬಿದ ಲಾರಿ. ವ್ಯತ್ಯಾಸವೇ ಮಾಲಿನ ತೂಕ. ತುಂಬಿದ ಲಾರಿಯ ಹಿಂದಿನ ಚಕ್ರವೊಂದನ್ನು ಹಲಗೆಯಿಂದ ಗೇಣಷ್ಟು ಹೊರಗೆ ನಿಲ್ಲಿಸಿದರೆ ಟನ್‌ಗಟ್ಟಲೆ ಮಾಯವಾಗುತ್ತದೆ. ಕಿಟಕಿಯೊಳಗೆ ಕೂತವನಿಗೆ ಅದು ಕಾಣುತ್ತದೆ, ಕಂಡೂ ಕಾಣದಂತಿರುತ್ತಾನೆ. ಅದಕ್ಕೇ ಚಕ್ರಗಳು ಹಲಗೆಯ ಒಳಗಿವೆಯೇ ಎಂದು ನೋಡುವ ಸೆನ್ಸರ್ ಬೇಕು, ನಂಬರ್ ಪ್ಲೇಟಿನ ಫೋಟೊ ಬೇಕು, ತೂಕವನ್ನು ಕೈಯಲ್ಲಿ ಟೈಪು ಮಾಡಲು ಸಾಧ್ಯವೇ ಇರಬಾರದು. ಇವೆಲ್ಲ ಸಾಮಾನ್ಯ ತಂತ್ರಜ್ಞಾನ. ದುಬಾರಿಯೂ ಅಲ್ಲ.

ಆದರೆ ಇಂದು ನಮ್ಮಲ್ಲಿ ಸ್ವಯಂಚಾಲಿತ ಜಾರಿ ಎಂದರೆ ಎಲ್ಲರ ಕಣ್ಣೂ ಹೆದ್ದಾರಿಯ ಕಡೆಗೇ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 136ಎ ಸೆಕ್ಷನ್, ಅದರಡಿ 2021ರಲ್ಲಿ ಬಂದ 167ಎ ನಿಯಮ ಇವು ಕ್ಯಾಮೆರಾ ಮತ್ತು ಚಲಿಸುವ ವಾಹನವನ್ನು ತೂಗುವ ಯಂತ್ರಗಳ ಸಾಕ್ಷ್ಯದ ಮೇಲೆ ದಂಡ ಹಾಕಲು ದಾರಿ ಮಾಡಿಕೊಟ್ಟವು. ಇದನ್ನು ಜಾರಿಗೆ ತನ್ನಿ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ರಾಜ್ಯಗಳಿಗೆ ಸೂಚಿಸಿತು. ಒಡಿಶಾ ಅದೇ ವರ್ಷ ಟೋಲ್ ಗೇಟುಗಳಲ್ಲಿ 'ಇ-ಡಿಟೆಕ್ಷನ್' ಶುರು ಮಾಡಿತು. ಗೇಟು ದಾಟಿದ ಗಾಡಿಯ ನಂಬರನ್ನು ವಾಹನ್ ದತ್ತಾಂಶದ ಜೊತೆ ಹೋಲಿಸಿ, ವಿಮೆಯೋ ಎಫ್‌ಸಿಯೋ ಇಲ್ಲದಿದ್ದರೆ ಚಲನ್ ತಾನಾಗಿ ಹೊರಡುತ್ತದೆ. ಬಿಹಾರವೂ ಹಿಂಬಾಲಿಸಿತು. ಕಾಗದಗಳ ಮಟ್ಟಿಗೆ ಇದು ಒಳ್ಳೆಯದೇ. ಚೆಕ್‌ಪೋಸ್ಟ್ ಮುಚ್ಚಲು ಇದಕ್ಕಿಂತ ಒಳ್ಳೆಯ ಆಧಾರ ಬೇಡ.

ಓಡುವ ಲಾರಿಯನ್ನು ತೂಗುವುದು ಮಾತ್ರ ನಾಜೂಕಿನ ಕೆಲಸ. ರಸ್ತೆಯೊಳಗೆ ಹುದುಗಿಸಿದ ಸೆನ್ಸರ್‌ಗಳ ಮೇಲೆ ಚಕ್ರ ಹಾಯುವ ಒಂದು ಕ್ಷಣದ ಒತ್ತಡವನ್ನು ಯಂತ್ರ ಅಳೆಯುತ್ತದೆ. ರಸ್ತೆ ಸ್ವಲ್ಪ ಉಬ್ಬುತಗ್ಗಾಗಿದ್ದರೆ ಲಾರಿ ಕುಣಿಯುತ್ತದೆ, ಒತ್ತಡ ಬದಲಾಗುತ್ತದೆ. ಡ್ರೈವರ್ ಆ ಕ್ಷಣ ಬ್ರೇಕ್ ಒತ್ತಿದರೆ ಭಾರ ಮುಂದಿನ ಆಕ್ಸಲ್‌ಗೆ ವಾಲುತ್ತದೆ. ಟ್ಯಾಂಕರಿನಲ್ಲಿ ಹಾಲೋ ಎಣ್ಣೆಯೋ ಇದ್ದರೆ ಅದು ಒಳಗೇ ತುಳುಕುತ್ತದೆ. ಹೀಗಾಗಿ ಇಂಥ ಯಂತ್ರ ಸಂಶಯದ ಲಾರಿಯನ್ನು ಆರಿಸಿಕೊಡಲಿ, ದಂಡ ಹಾಕುವ ಮುನ್ನ ನಿಂತ ವೇಬ್ರಿಡ್ಜಿನ ಮೇಲೆ ಇನ್ನೊಮ್ಮೆ ತೂಗಲಿ. ಓಟದಲ್ಲಿ ಬಂದ ಅಂಕಿಯನ್ನೇ ಅಂತಿಮವೆಂದು ಹಿಡಿದು ಹತ್ತಾರು ಸಾವಿರ ರೂಪಾಯಿ ದಂಡ ಹಾಕುವುದು ಅನ್ಯಾಯ.

ಅನ್ಯಾಯದ ದಂಡವನ್ನು ಪ್ರಶ್ನಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಹೈದರಾಬಾದಿನ ಒಂದು ಪ್ರಕರಣ ನೋಡಿ. 2020ರ ಜನವರಿಯಲ್ಲಿ ಕಾಗದ ವ್ಯಾಪಾರದ ಸಂಸ್ಥೆಯೊಂದರ ಮಾಲು ಹೊತ್ತ ಸಣ್ಣ ಗಾಡಿ ರಾಜಕೀಯ ಮೆರವಣಿಗೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಆ ದಿನ ತಲುಪಬೇಕಾದಲ್ಲಿ ತಲುಪಲಿಲ್ಲ. ಇ-ವೇ ಬಿಲ್ಲಿನ ಅವಧಿ ಮುಗಿಯಿತು. ಅಧಿಕಾರಿ ಗಾಡಿ ಹಿಡಿದು, ತೆರಿಗೆ ಮತ್ತು ದಂಡವೆಂದು 69,000 ರೂಪಾಯಿ ಕಟ್ಟಿಸಿಕೊಂಡರು. ತೆರಿಗೆ ವಂಚನೆಯ ಉದ್ದೇಶವೇ ಇಲ್ಲಿಲ್ಲ ಎಂದ ತೆಲಂಗಾಣ ಹೈಕೋರ್ಟ್ ಹಣ ಮರಳಿಸಿ, ವ್ಯಾಜ್ಯದ ಖರ್ಚಾಗಿ 10,000 ರೂಪಾಯಿ ಕೊಡಿ ಎಂದಿತು. ಇಲಾಖೆ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ತಳ್ಳಿಹಾಕಿ, ಇನ್ನೂ 59,000 ರೂಪಾಯಿ ಸೇರಿಸಿತು. ಅದನ್ನು ತಪ್ಪಿತಸ್ಥ ಅಧಿಕಾರಿಗಳಿಂದಲೇ ವಸೂಲು ಮಾಡಬಹುದು ಎಂದೂ ಹೇಳಿತು. ಆ ಸಂಸ್ಥೆಗೆ ಎರಡು ಕೋರ್ಟು ಹತ್ತುವ ಶಕ್ತಿ ಇತ್ತು. ಒಂದೇ ಲಾರಿಯ ಮಾಲೀಕ ವಕೀಲರ ಫೀಸನ್ನು ನೆನೆದೇ ದಂಡ ಕಟ್ಟಿಬಿಡುತ್ತಾನೆ.

ಅವನ ಸಂಕಟ ಇನ್ನೂ ಇದೆ. ಚಲನ್ ಹೋಗುವುದು ಗಾಡಿಯ ನಂಬರಿಗೆ, ಅಂದರೆ ಮಾಲೀಕನಿಗೆ. ಆರ್‌ಸಿಯಲ್ಲಿರುವ ಮೊಬೈಲ್ ನಂಬರು ಗಾಡಿ ಕೊಡಿಸಿದ ಬ್ರೋಕರಿನದೋ ಏಜೆಂಟನದೋ ಆಗಿದ್ದರೆ ನೋಟಿಸು ಬಂದದ್ದೇ ತಿಳಿಯುವುದಿಲ್ಲ. ಎಫ್‌ಸಿಗೆ ಹೋದಾಗ ಕಂಪ್ಯೂಟರು ಬಾಕಿ ತೋರಿಸುತ್ತದೆ, ಕೆಲಸ ನಿಲ್ಲುತ್ತದೆ. ಕೆಸರು ಮೆತ್ತಿದ ಪ್ಲೇಟಿನಲ್ಲಿ ಮೂರನ್ನು ಎಂಟೆಂದು ಓದಿದ ಕ್ಯಾಮೆರಾದ ತಪ್ಪಿಗೆ ಎಲ್ಲೋ ಇದ್ದ ಇನ್ನೊಂದು ಲಾರಿ ದಂಡ ಹೊರುವ ಸಾಧ್ಯತೆಯೂ ಇದೆ. ಮಾಲೀಕ ತನಗೆ ಬಿದ್ದ ದಂಡವನ್ನು ಡ್ರೈವರಿನ ಸಂಬಳದಲ್ಲಿ ಹಿಡಿಯುತ್ತಾನೆ. ಈ ಸರಪಳಿಯಲ್ಲಿ ಒಬ್ಬನ ಹೆಸರು ಮಾತ್ರ ಎಲ್ಲೂ ಬರುವುದಿಲ್ಲ. ಮಾಲು ತುಂಬಿಸಿ ಕಳಿಸಿದವನು, ಟನ್‌ಗೆ ಇಷ್ಟೇ ಎಂದು ಬಾಡಿಗೆ ಕಟ್ಟಿದವನು, ಹೆಚ್ಚು ತುಂಬದಿದ್ದರೆ ಲೋಡೇ ಇಲ್ಲ ಎಂದವನು.

ಕಾನೂನು ಅವನನ್ನು ಬಿಟ್ಟಿಲ್ಲ. 194ನೇ ಸೆಕ್ಷನ್ ಹೆಚ್ಚು ಭಾರದ ಗಾಡಿಯನ್ನು ಓಡಿಸುವವನ ಬಗ್ಗೆ ಮಾತ್ರ ಹೇಳುವುದಿಲ್ಲ. ಓಡುವಂತೆ ಮಾಡಿದವನು, ಓಡಲು ಬಿಟ್ಟವನು ಇಬ್ಬರನ್ನೂ ಹೆಸರಿಸುತ್ತದೆ. ಹೆದ್ದಾರಿಯಲ್ಲಿ ನಿಂತ ಯಂತ್ರಕ್ಕೆ ಅವರಿಬ್ಬರೂ ಕಾಣುವುದಿಲ್ಲ. ಅದಕ್ಕೆ ಕಾಣುವುದು ನಂಬರ್ ಪ್ಲೇಟು. ಯಂತ್ರವನ್ನು ಎಲ್ಲಿ ನಿಲ್ಲಿಸುತ್ತೇವೋ ಅದರ ಮೇಲೆ ಶಿಕ್ಷೆ ಯಾರಿಗೆ ಎಂಬುದು ತೀರ್ಮಾನವಾಗುತ್ತದೆ.

ಯಂತ್ರವನ್ನು ಮಾಲು ತುಂಬುವ ಗೇಟಿಗೆ ತರುವ ಕೆಲಸವನ್ನು ಬೆಂಗಳೂರಿನ ಸುತ್ತಮುತ್ತಲ ಕ್ರಷರ್‌ಗಳಿಂದ ಹಗಲು ರಾತ್ರಿ ಎಂ-ಸ್ಯಾಂಡ್, ಜಲ್ಲಿ ಹೊತ್ತು ನಗರಕ್ಕೆ ಬರುವ ಟಿಪ್ಪರ್‌ಗಳಿಂದಲೇ ಶುರು ಮಾಡಬಹುದು. ಅಲ್ಲಿ ಕಲ್ಲಿಗೆ ಪರ್ಮಿಟ್ ಬೇಕೇ ಬೇಕು, ರಾಜಧನದ ಲೆಕ್ಕಕ್ಕಾಗಿ ತೂಕವೂ ಬೇಕು. ಆ ಪರ್ಮಿಟ್ ಕೊಡುವ ಕಂಪ್ಯೂಟರು ವಾಹನ್ ದತ್ತಾಂಶದಿಂದ ಆ ಗಾಡಿಯ ಪಾಸಿಂಗ್ ತೂಕವನ್ನು ತಾನೇ ಎಳೆದುಕೊಳ್ಳಬೇಕು. ವೇಬ್ರಿಡ್ಜಿನ ಅಂಕಿ ಅದಕ್ಕಿಂತ ಹೆಚ್ಚಿದ್ದರೆ ಪರ್ಮಿಟ್ ಹುಟ್ಟಲೇಬಾರದು. ಆಗ ದಂಡವೂ ಬೇಡ, ಪೊಲೀಸರೂ ಬೇಡ. ಟಿಪ್ಪರ್ ಹಿಂದಕ್ಕೆ ತಿರುಗಿ ಹೆಚ್ಚಿನದನ್ನು ಅದೇ ರಾಶಿಯ ಮೇಲೆ ಸುರಿದು ಬರುತ್ತದೆ. ಅಲ್ಲಿ ಜಾಗವಿದೆ, ಜೆಸಿಬಿ ಇದೆ, ಮಾಲು ಕ್ರಷರ್‌ನವನದೇ ಆಗಿರುವುದರಿಂದ ಕಾಯುವ ಚಿಂತೆಯೂ ಇಲ್ಲ. ಸಿಮೆಂಟ್ ಕಾರ್ಖಾನೆ, ಸಕ್ಕರೆ ಕಾರ್ಖಾನೆ, ಉಕ್ಕಿನ ಕಾರ್ಖಾನೆಗಳ ಗೇಟಿನಲ್ಲೂ ವೇಬ್ರಿಡ್ಜ್ ಈಗಾಗಲೇ ಇದೆ. ಅಲ್ಲಿ ಇ-ವೇ ಬಿಲ್ಲಿಗೆ ಇದೇ ಷರತ್ತು ಹಾಕಬಹುದು. ಗೇಟು ತಪ್ಪಿಸಿ ಬಂದ ಓವರ್‌ಲೋಡ್ ಲಾರಿ ಹೆದ್ದಾರಿಯಲ್ಲಿ ಸಿಕ್ಕಿಬಿದ್ದರೆ ನೋಟಿಸು ಎರಡು ವಿಳಾಸಕ್ಕೆ ಹೋಗಲಿ. ಒಂದು ಆರ್‌ಸಿಯಲ್ಲಿರುವ ವಿಳಾಸಕ್ಕೆ, ಇನ್ನೊಂದು ಮಾಲು ತುಂಬಿದ ಗೇಟಿನ ವಿಳಾಸಕ್ಕೆ.